ಹೊಳೆ ಕಂದಾಗುವುದಕ್ಕೆ ಒಂದೇ ಕಾರಣ ಇಲ್ಲ

‘ಆರ್ಕ್ಟಿಕ್‌ನಲ್ಲಿ ಕಾರ್ಬನ್ ಬಾಂಬ್’ ಎನ್ನುವ ತಲೆಬರಹ ಕಂಡಾಗಲೆಲ್ಲ ನನಗೆ ಕಿರಿಕಿರಿ. ಅಪಾಯ ಸುಳ್ಳು ಅಂತಲ್ಲ. ಬಾಂಬ್ ಅಂದಮೇಲೆ ಅದು ಒಂದು ದಿನ ಸಿಡಿಯಬೇಕು, ಅಲ್ಲಿಯವರೆಗೆ ಏನೂ ಆಗಿಲ್ಲ ಅಂತ ಓದಿದವರು ನಿಶ್ಚಿಂತೆಯಿಂದ ಇರಬಹುದು. ಉತ್ತರದ ನೆಲದಲ್ಲಿ ನಡೆಯುತ್ತಿರುವುದು ಸ್ಫೋಟವಲ್ಲ, ಇಂಗಾಲದ (ಕಾರ್ಬನ್) ಸೋರಿಕೆ. ಅದರ ಒಂದು ಪಾಲು ಹೊಗೆಯಾಗಿಯೂ ಅಲ್ಲ, ನೀರಾಗಿ ಹರಿದು ಹೋಗುತ್ತಿದೆ.

ಉತ್ತರ ಸ್ವೀಡನ್ನಿನ ಕಾಡಿನ ಹಳ್ಳವೊಂದರಿಂದ ಹಿಮ ಕರಗುವ ಕಾಲದಲ್ಲಿ ಒಂದು ಬಾಟಲಿ ನೀರು ತುಂಬಿದರೆ, ಅದು ನೋಡಲು ಥೇಟ್ ಚಹಾ ಡಿಕಾಕ್ಷನ್. ಮಣ್ಣು ಕದಡಿದೆ, ಸೋಸಿದರೆ ತಿಳಿಯಾಗುತ್ತದೆ ಅಂದುಕೊಳ್ಳುತ್ತೇವೆ. ಪ್ರಯೋಗಾಲಯದಲ್ಲಿ 0.45 ಮೈಕ್ರಾನ್ ರಂಧ್ರದ ಫಿಲ್ಟರಿನಲ್ಲಿ ಸೋಸುತ್ತಾರೆ. ಕಸ, ಪಾಚಿ, ಮಣ್ಣಿನ ಕಣ ಎಲ್ಲ ಮೇಲೆ ನಿಲ್ಲುತ್ತವೆ, ಕೆಳಗೆ ಇಳಿದ ನೀರು ಮಾತ್ರ ಹಾಗೇ ಕಂದು. ಆ ಬಣ್ಣವೇ ಕರಗಿದ ಸಾವಯವ ಇಂಗಾಲ: ಯಾವುದೋ ಕಾಲದ ಎಲೆ, ಬೇರು, ಪಾಚಿ ಅರೆಬರೆ ಕೊಳೆತು ನೀರಿಗೆ ಬಿಟ್ಟದ್ದು.

ಇದರ ಮೂಲ ಭಂಡಾರ ಎಷ್ಟು ದೊಡ್ಡದು ಗೊತ್ತೇ? ಉತ್ತರದ ಪರ್ಮಾಫ್ರಾಸ್ಟ್ (ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ಹಿಮನೆಲ) ಪ್ರದೇಶದ ಮಣ್ಣಿನಲ್ಲಿ ಸುಮಾರು 1.5 ಲಕ್ಷ ಕೋಟಿ ಟನ್ ಸಾವಯವ ಇಂಗಾಲವಿದೆ. ಇಡೀ ವಾತಾವರಣದಲ್ಲಿ ಇರುವುದರ ಹತ್ತಿರಹತ್ತಿರ ಎರಡು ಪಟ್ಟು. ಚಳಿಯೂ ಜೌಗೂ ಸೇರಿ ಅದನ್ನು ಸಾವಿರಾರು ವರ್ಷ ಕೊಳೆಯಲು ಬಿಟ್ಟಿರಲಿಲ್ಲ. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗುತ್ತಿದೆ. ಹಾಗಾಗಿ ಹೊಳೆಗಳು ಕಂದಾಗುತ್ತಿವೆ, ಲೆಕ್ಕ ಮುಗಿಯಿತು ಅನ್ನಿಸುತ್ತದೆ ಅಲ್ಲವೇ?

ಲೆಕ್ಕ ಅಷ್ಟು ಸಲೀಸಾಗಿಲ್ಲ. ಉತ್ತರ ಯುರೋಪ್ ಮತ್ತು ಉತ್ತರ ಅಮೆರಿಕದ 522 ಕೆರೆ-ತೊರೆಗಳಲ್ಲಿ 1990ರಿಂದ 2004ರವರೆಗೆ ದಾಖಲಾದ ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ನೀರು ಕಂದಾಗುವುದಕ್ಕೆ ಅದು ತೋರಿಸಿದ ಮುಖ್ಯ ಕಾರಣ ತಾಪಮಾನ ಅಲ್ಲ, ಆಮ್ಲಮಳೆ ಕಡಿಮೆಯಾದದ್ದು! ಕಲ್ಲಿದ್ದಲಿನ ಹೊಗೆಯ ಗಂಧಕ ಮಳೆಯ ಜೊತೆ ಬಿದ್ದು ಮಣ್ಣನ್ನು ಆಮ್ಲೀಯ ಮಾಡಿತ್ತು. ಅಂಥ ಮಣ್ಣಿನಲ್ಲಿ ಸಾವಯವ ಅಂಶ ನೀರಿಗೆ ಸುಲಭಕ್ಕೆ ಬಿಟ್ಟುಕೊಳ್ಳುವುದಿಲ್ಲ. ಕಾನೂನು ಬಿಗಿಯಾಯಿತು, ಗಂಧಕ ಇಳಿಯಿತು, ತಡೆದು ನಿಂತಿದ್ದ ಇಂಗಾಲ ಹೊಳೆಗೆ ಇಳಿಯಲು ಶುರುವಾಯಿತು. ಅಂದರೆ ಆ ಕಂದು ಬಣ್ಣದಲ್ಲಿ ಒಂದು ಭಾಗ ಮನುಷ್ಯರು ಮಾಡಿದ ಒಳ್ಳೆಯ ಕೆಲಸದ ಫಲ. ಹವಾಮಾನದ ಬಗ್ಗೆ ಬರೆಯುವವರು ಇದನ್ನು ಹೇಳಲು ಯಾಕೋ ಹಿಂಜರಿಯುತ್ತಾರೆ. ಹೇಳಿದರೆ ವಾದ ಸಡಿಲಾಗುತ್ತದೆ ಎಂಬ ಭಯ ಇರಬೇಕು. ನನ್ನ ಪ್ರಕಾರ ಮುಚ್ಚಿಟ್ಟರೇ ಸಡಿಲಾಗುವುದು, ಯಾಕೆಂದರೆ ನಾಳೆ ಯಾರೋ ಅದನ್ನೇ ಎತ್ತಿಕೊಂಡು ‘ನೋಡಿ, ಎಲ್ಲ ಸುಳ್ಳು’ ಅಂತ ಬರುತ್ತಾರೆ.

ಹಾಗಂತ ಬಿಸಿಲು-ಮಳೆಯ ಪಾತ್ರ ಏನೂ ಇಲ್ಲವೆಂದಲ್ಲ. ಉತ್ತರ ಸ್ವೀಡನ್ನಿನ ಕ್ರಿಕ್‌ಲಾನ್ ಎಂಬಲ್ಲಿ ದಶಕಗಳಿಂದ ಹಳ್ಳಗಳನ್ನು ಅಳೆಯುತ್ತಿದ್ದಾರೆ. ಅಲ್ಲಿ ಹಿಮ ಕರಗಿದಾಗ ಕಾಡಿನ ಹಳ್ಳದಲ್ಲಿ ಇಂಗಾಲದ ಸಾಂದ್ರತೆ ಏರುತ್ತದೆ, ಪಕ್ಕದ ಜೌಗಿನಿಂದ ಬರುವ ಹಳ್ಳದಲ್ಲಿ ಇಳಿಯುತ್ತದೆ. ಹಿಮ ಒಂದೇ, ದಿನವೂ ಒಂದೇ. ಕಾಡಿನಲ್ಲಿ ಅಂತರ್ಜಲ ಮೇಲಕ್ಕೆದ್ದು ಹಳ್ಳದ ದಡದ ಕೆಲವೇ ಮೀಟರ್ ಅಗಲದ ಕಪ್ಪು ಮಣ್ಣಿನ ಮೇಲ್ಪದರದಿಂದ ಹಾಯುತ್ತದೆ, ಇಂಗಾಲ ಸಿಗುವುದು ಅಲ್ಲೇ. ಜೌಗಿನಲ್ಲಿ ಕರಗಿದ ಹಿಮ ಹೆಪ್ಪುಗಟ್ಟಿದ ಮೇಲ್ಮೈಯ ಮೇಲಿಂದಲೇ ಜಾರಿ ಬಂದು ಹಳ್ಳದ ನೀರನ್ನು ತೆಳುಮಾಡುತ್ತದೆ. ಚಳಿಗಾಲ ಮೊಟಕಾಗಿ, ಹಿಮದ ಬದಲು ಮಳೆ ಬಂದರೆ ಇವೆರಡೂ ಬದಲಾಗುತ್ತವೆ, ಆದರೆ ಒಂದೇ ರೀತಿಯಲ್ಲಿ ಅಲ್ಲ.

ಪರ್ಮಾಫ್ರಾಸ್ಟ್ ಇರುವಲ್ಲಿ ಕಥೆ ಮತ್ತೂ ತಿರುವು ಪಡೆಯುತ್ತದೆ. ಅಲಾಸ್ಕದ ಯೂಕಾನ್ ನದಿಯಲ್ಲಿ ಹರಿವಿಗೆ ಹೋಲಿಸಿದರೆ ಕರಗಿದ ಇಂಗಾಲ ಕಡಿಮೆಯಾಗಿದ್ದನ್ನು ವಿಜ್ಞಾನಿಗಳು 2005ರಲ್ಲೇ ಗುರುತಿಸಿದ್ದರು. ಹಿಮನೆಲ ಕರಗಿದ್ದರಿಂದ ನೀರು ಆಳಕ್ಕಿಳಿದು ಖನಿಜ ಮಣ್ಣಿನ ಮೂಲಕ ಸಾಗುತ್ತದೆ, ದಾರಿಯಲ್ಲೇ ಇಂಗಾಲ ಮಣ್ಣಿಗೆ ಅಂಟಿಕೊಳ್ಳುತ್ತದೆ ಅಥವಾ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ ಎಂಬುದು ಅವರ ವಿವರಣೆ. ಸೈಬೀರಿಯದ ಕೊಲಿಮಾ ನದಿಯ ಬಳಿ ಇದಕ್ಕೆ ತದ್ವಿರುದ್ಧ. ಅಲ್ಲಿನ ಯೆಡೋಮಾ ಎಂಬ ಹಿಮಭರಿತ ಮಣ್ಣು ದಡದಿಂದ ಕುಸಿದಾಗ ಹುಟ್ಟುವ ತೊರೆಗಳಲ್ಲಿ ಇಪ್ಪತ್ತು ಸಾವಿರ ವರ್ಷಕ್ಕೂ ಹಳೆಯ ಇಂಗಾಲ ಇತ್ತು. ಅಷ್ಟು ಹಳೆಯದು ಗಟ್ಟಿಯಾಗಿರುತ್ತದೆ, ಯಾವ ಸೂಕ್ಷ್ಮಜೀವಿಗೂ ಜಗ್ಗುವುದಿಲ್ಲ ಅಂತ ಅನ್ನಿಸುವುದು ಸಹಜ. ಪ್ರಯೋಗದಲ್ಲಿ ಸೂಕ್ಷ್ಮಜೀವಿಗಳು ಹದಿನಾಲ್ಕೇ ದಿನದಲ್ಲಿ ಮೂರನೇ ಒಂದು ಪಾಲನ್ನು ಮುಗಿಸಿಬಿಟ್ಟವು! ಅಷ್ಟು ಬೇಗ ಮುಗಿಯುವುದಾದರೆ ಕೆಳಗೆ ದೊಡ್ಡ ನದಿಯಲ್ಲಿ ಮಾದರಿ ತೆಗೆಯುವವರ ಬಾಟಲಿಗೆ ಅದು ಸಿಗುವುದೇ ಇಲ್ಲ. ಆರ್ಕ್ಟಿಕ್ ಸಾಗರಕ್ಕೆ ನದಿಗಳು ವರ್ಷಕ್ಕೆ ಸುಮಾರು 3.4 ಕೋಟಿ ಟನ್ ಕರಗಿದ ಸಾವಯವ ಇಂಗಾಲ ಸಾಗಿಸುತ್ತವೆ ಎಂದು ಅಂದಾಜಿದೆ. ಅದು ಸಮುದ್ರದ ಬಾಗಿಲಿಗೆ ತಲುಪಿದ್ದರ ಲೆಕ್ಕ. ದಾರಿಯಲ್ಲೇ ಗಾಳಿಗೆ ಹೋದದ್ದು ಅದರಲ್ಲಿ ಇಲ್ಲ.

ಇಷ್ಟೊಂದು ಕಾರಣ ಒಂದೇ ಬಣ್ಣದಲ್ಲಿ ಬೆರೆತಿರುವಾಗ ಅವನ್ನು ಬಿಡಿಸಲು ಒಂದೇ ದಾರಿ: ಅದೇ ಹಳ್ಳ, ಅದೇ ಜಾಗ, ವರ್ಷಗಟ್ಟಲೆ ಅಳತೆ. ಸುದ್ದಿಯಾಗದ, ಪ್ರಶಸ್ತಿ ಬರದ ಕೆಲಸ. ಅನುದಾನ ಕಡಿತವಾಗುವಾಗ ಮೊದಲು ಕತ್ತರಿ ಬೀಳುವುದೂ ಇಂಥದ್ದಕ್ಕೇ. ಉಕ್ರೇನ್ ಯುದ್ಧವೂ ಇದಕ್ಕೆ ಕೈ ಹಾಕಿದೆ. ಆರ್ಕ್ಟಿಕ್‌ನ ಆರು ದೊಡ್ಡ ನದಿಗಳಲ್ಲಿ ಓಬ್, ಯೆನಿಸೇ, ಲೀನಾ, ಕೊಲಿಮಾ ಈ ನಾಲ್ಕೂ ರಷ್ಯಾದವು. 2022ರ ನಂತರ ಪಾಶ್ಚಾತ್ಯ ವಿಜ್ಞಾನಿಗಳು ಅಲ್ಲಿನವರ ಜೊತೆ ಮಾಡುತ್ತಿದ್ದ ಕೆಲಸ ಬಹುಮಟ್ಟಿಗೆ ನಿಂತಿತು. ಉಪಗ್ರಹ ನೋಡಿಕೊಳ್ಳುತ್ತದೆ ಬಿಡಿ ಅನ್ನುವವರಿದ್ದಾರೆ. ಹಿಮ ಎಲ್ಲಿ ಕರಗಿತು, ಕಾಡು ಎಲ್ಲಿ ಉರಿಯಿತು ಅಂತ ಅದು ತೋರಿಸಬಲ್ಲದು. ಸಣ್ಣ ಹಳ್ಳದ ನೀರಿನಲ್ಲಿರುವ ಇಂಗಾಲ ಎಷ್ಟು ಹಳೆಯದು ಅಂತ ಮೇಲಿಂದ ನೋಡಿ ಹೇಳಲಾಗದು, ಅದಕ್ಕೆ ಬಾಟಲಿಯೇ ಬೇಕು.

ಏನಾದರೂ ಮಾಡಬಹುದೇ ಅಂತ ಕೇಳಿದರೆ ಫಿನ್ಲೆಂಡ್ ನೋಡಿ. ಮರ ಬೆಳೆಸಲೆಂದು ಕಳೆದ ಶತಮಾನದಲ್ಲಿ ತನ್ನ ಪೀಟ್ (ಅರೆಕೊಳೆತ ಸಸ್ಯಗಳ ದಪ್ಪ ಪದರ) ಜೌಗುಗಳಲ್ಲಿ ಸುಮಾರು ಅರ್ಧಕ್ಕೆ ಕಾಲುವೆ ತೋಡಿ ನೀರು ಬಸಿಯಿತು. ನೀರು ಇಳಿದಲ್ಲಿ ಗಾಳಿ ಹೊಕ್ಕಿತು, ಪೀಟ್ ಕೊಳೆಯಿತು. ಈಗ ಕೆಲವು ಕಡೆ ಆ ಕಾಲುವೆಗಳನ್ನು ಮುಚ್ಚುತ್ತಿದ್ದಾರೆ. ಮುಚ್ಚಿದ ಮೊದಲ ಕೆಲವು ವರ್ಷ ಮೀಥೇನ್ ಹೆಚ್ಚಬಹುದು, ಕೆಳಗಿನ ಹೊಳೆ ಇನ್ನಷ್ಟು ಕಂದಾಗಬಹುದು, ಊರಿನವರು ‘ನೀರು ಹಾಳಾಯಿತು’ ಅಂತ ಗಲಾಟೆ ಮಾಡಬಹುದು. ಆದರೂ ನಾನು ಮುಚ್ಚುವವರ ಪರ. ಜೊತೆಗೆ, ಕಾಲುವೆ ಮುಚ್ಚುವ ಹಣದಲ್ಲೇ ಹತ್ತು-ಹದಿನೈದು ವರ್ಷದ ಅಳತೆಯ ಖರ್ಚನ್ನೂ ತೆಗೆದಿಡಬೇಕು ಅನ್ನುವವರ ಪರವೂ ಹೌದು.