ಡೈರೆಕ್ಟರಿ ಕೇಳುತ್ತದೆ: ಯಾವ ಏರಿಯಾ?

ಕರ್ನಾಟಕ ಬಿಟ್ಟು ಬೇರೆ ಕಡೆ ಮನೆ ಮಾಡಿದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಹೊಸ ಊರಿಗೆ ಹೋದ ಮೊದಲ ವಾರದಲ್ಲೇ ನಲ್ಲಿ ಸೋರುತ್ತದೆ. ಪ್ಲಂಬರ್ ಹುಡುಕಲು ಆನ್‌ಲೈನ್ ಡೈರೆಕ್ಟರಿ ತೆರೆದರೆ ಅದು ನಮ್ಮನ್ನೇ ಕೇಳುತ್ತದೆ, ಯಾವ ಏರಿಯಾ? ಬಾಡಿಗೆ ಕರಾರಿನಲ್ಲಿ ಒಂದು ಹೆಸರು, ಕರೆಂಟ್ ಬಿಲ್ಲಿನಲ್ಲಿ ಇನ್ನೊಂದು, ಅಕ್ಕಪಕ್ಕದವರ ಬಾಯಲ್ಲಿ ಮೂರನೆಯದು. ಯಾವುದನ್ನು ಒತ್ತುವುದು?

ಹಳೆಯ ಡೈರೆಕ್ಟರಿಗಳದ್ದು ಮರದ ಲೆಕ್ಕ. 1994ರಲ್ಲಿ ಶುರುವಾದ ಯಾಹೂ, 1998ರಲ್ಲಿ ಬಂದ ಡಿಮಾಜ್ (DMOZ) ಅನ್ನುವ ವೆಬ್ ಡೈರೆಕ್ಟರಿ, ಎರಡರಲ್ಲೂ ಸ್ಥಳಗಳಿಗೇ ಒಂದು ದೊಡ್ಡ ವಿಭಾಗ ಇತ್ತು. ಡಿಮಾಜ್‌ನಲ್ಲಿ ಅಮೆರಿಕದ ಒಂದು ಅಂಗಡಿ ಸಿಗಬೇಕಾದರೆ ಮೊದಲು ಖಂಡ, ಆಮೇಲೆ ದೇಶ, ರಾಜ್ಯ. ಅಲ್ಲಿಂದ ಊರುಗಳ ಪಟ್ಟಿ. ಆ ಪಟ್ಟಿಯನ್ನೂ ಅಕ್ಷರದ ಪ್ರಕಾರ ಒಡೆದಿದ್ದರು. ಅಂದ್ರೆ ಊರಿನ ಹೆಸರು ಯಾವ ಅಕ್ಷರದಿಂದ ಶುರುವಾಗುತ್ತದೆ ಅಂತ ಗೊತ್ತಿದ್ದವನಿಗೆ ಮಾತ್ರ ಮುಂದಿನ ದಾರಿ. ಅಷ್ಟು ಇಳಿದ ಮೇಲೆ ವ್ಯಾಪಾರ ಅನ್ನುವ ಕೊಂಬೆ! ಡಿಮಾಜ್‌ನಲ್ಲಿ ಇದನ್ನೆಲ್ಲ ಜೋಡಿಸುತ್ತಿದ್ದವರು ಸಂಬಳವಿಲ್ಲದ ಸ್ವಯಂಸೇವಕರು. ಯಾಹೂ ಡೈರೆಕ್ಟರಿ 2014ರಲ್ಲಿ, ಡಿಮಾಜ್ 2017ರಲ್ಲಿ ಬಾಗಿಲು ಹಾಕಿದವು.

ಈಗಿನದು ವೃತ್ತದ ಲೆಕ್ಕ. ಫೋನಿಗೆ ನಾವಿರುವ ಜಾಗ ಗೊತ್ತು, ಸುತ್ತ ಒಂದು ಗೆರೆ ಎಳೆದು ಹತ್ತಿರದವರನ್ನು ತೋರಿಸುತ್ತದೆ. ಏರಿಯಾ ಹೆಸರೇ ಬೇಡ. ನನ್ನಂಥ ಪರವೂರಿನವನಿಗೆ ಇದಕ್ಕಿಂತ ಸುಖ ಇನ್ನೇನು ಅಂದುಕೊಂಡಿದ್ದೆ. ಒಮ್ಮೆ ಒಂದೇ ಕಿಲೋಮೀಟರ್ ಅಂತ ನಂಬಿ ನಡೆದು ಹೊರಟೆ. ಅಂಗಡಿಯ ಬೋರ್ಡು ಕಣ್ಣಿಗೆ ಕಾಣುತ್ತಿತ್ತು. ನಡುವೆ ರೈಲು ಹಳಿ, ಎರಡೂ ಕಡೆ ಬೇಲಿ. ಸೇತುವೆ ಸುತ್ತಿ ಹೋಗುವಷ್ಟರಲ್ಲಿ ಮುಕ್ಕಾಲು ಗಂಟೆ. ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆಯುವವನಿಗೆ ಹಳಿಯೂ ಇಲ್ಲ, ಹೊಳೆಯೂ ಇಲ್ಲ. ಹಳೆಯ ಮರದಲ್ಲಾದರೆ ಆ ಅಂಗಡಿ ಹಳಿಯ ಆಚೆಯ ಏರಿಯಾದ ಕೆಳಗೆ ಇರುತ್ತಿತ್ತು. ಅಲ್ಲಿ ಹುಟ್ಟಿ ಬೆಳೆದವರಿಗೆ ಹೆಸರು ಕೇಳಿದರೆ ಸಾಕು, ಅದು ಆಚೆ ದಡ ಅಂತ ತಿಳಿಯುತ್ತದೆ.

ಕೆಲವು ಡೈರೆಕ್ಟರಿಗಳು ಈ ಎರಡೂ ತಲೆನೋವು ಬೇಡ ಅಂತ ಪಿನ್ ಕೋಡ್ ಹಿಡಿಯುತ್ತವೆ. ಅಂಕಿ ಅಲ್ವಾ, ಕಾಗುಣಿತದ ತಪ್ಪಿಗೆ ಜಾಗವೇ ಇಲ್ಲ. ಆದರೆ ಭಾರತದ ಪಿನ್ ಆಗಲಿ (1972), ಅಮೆರಿಕದ ಜಿಪ್ ಆಗಲಿ (1963), ಹುಟ್ಟಿದ್ದು ಕಾಗದ ಹಂಚುವುದಕ್ಕೆ. ಪಿನ್ನಿನ ಕೊನೆಯ ಮೂರು ಅಂಕಿ ಹೇಳುವುದು ಅಂಚೆ ಕಚೇರಿಯನ್ನು. ರಸ್ತೆಯ ಈ ಬದಿಗೆ ಒಂದು ಪಿನ್, ಎದುರು ಬದಿಗೆ ಇನ್ನೊಂದು ಇರುವುದುಂಟು. ಆಗ ಎದುರಿನ ಬಡಗಿ ನಿಮ್ಮ ಪಟ್ಟಿಯಲ್ಲಿ ಬರುವುದೇ ಇಲ್ಲ. ಜಿಪ್‌ಗೆ ಸರಿಯಾದ ಗಡಿ ಇಲ್ಲ ಅಂತ ಅಮೆರಿಕದ ಜನಗಣತಿಯವರು 2000ದ ಗಣತಿಗೆ ತಮ್ಮದೇ ಬೇರೆ ವಲಯಗಳನ್ನು ಮಾಡಿಕೊಳ್ಳಬೇಕಾಯಿತು.

ಇನ್ನು ಅಂಗಡಿಯೇ ಇಲ್ಲದವರ ಕಥೆ. ಪ್ಲಂಬರ್, ಬೀಗ ರಿಪೇರಿಯವರು, ಮನೆಪಾಠದವರು ನಮ್ಮ ಮನೆಗೇ ಬರುವವರು. ಅವರನ್ನು ಯಾವ ಏರಿಯಾಕ್ಕೆ ಸೇರಿಸುವುದು? ಇವರ ವಿಷಯದಲ್ಲಿ ಗೂಗಲ್ ತಕ್ಕಮಟ್ಟಿಗೆ ತಲೆ ಓಡಿಸಿದೆ. ವಿಳಾಸ ಮುಚ್ಚಿಟ್ಟು, ತಾವು ಹೋಗುವ ಜಾಗಗಳನ್ನು 20ರವರೆಗೆ ಹೇಳಿಕೊಳ್ಳಬಹುದು. ಉಳಿದ ಕಡೆ ಅವರೇ ಉಪಾಯ ಹುಡುಕುತ್ತಾರೆ. ಒಂದೇ ಪುಟ ಬರೆದು ಏರಿಯಾ ಹೆಸರು ಮಾತ್ರ ಬದಲಿಸಿ ನೂರು ಪುಟ ಮಾಡುತ್ತಾರೆ. ಹುಡುಕುವವನಿಗೆ ನೂರು ಜನ ಸಿಕ್ಕ ಹಾಗೆ ಕಾಣುತ್ತದೆ, ಯಾವ ನಂಬರಿಗೆ ಹೊಡೆದರೂ ಎತ್ತುವವನು ಒಬ್ಬನೇ.

ನನ್ನನ್ನು ಕೇಳಿದರೆ, ವೃತ್ತ ಅವಸರಕ್ಕೆ ಸರಿ, ಬಾಳುವುದಕ್ಕೆ ಮರವೇ ಬೇಕು. ಮರದಲ್ಲಿ ಇಳಿಯುತ್ತಾ ಹೋದವನಿಗೆ ಯಾವ ಏರಿಯಾ ಯಾವುದರ ಒಳಗಿದೆ, ಪಕ್ಕದಲ್ಲಿ ಏನಿದೆ ಅಂತ ತಾನಾಗಿ ಗೊತ್ತಾಗುತ್ತದೆ. ವೃತ್ತದಲ್ಲಿ ಹತ್ತು ವರ್ಷ ಹುಡುಕಿದರೂ ನಾವು ನಡುವಿನ ನೀಲಿ ಚುಕ್ಕಿಯಾಗಿಯೇ ಉಳಿಯುತ್ತೇವೆ. ಆದರೆ ಮರ ಸ್ವಲ್ಪ ಸಡಿಲ ಇರಬೇಕು. ಎರಡು ಏರಿಯಾಗಳ ಅಂಚಿನ ಅಂಗಡಿ ಎರಡರಲ್ಲೂ ಕಾಣಬೇಕು. ಒಂದೇ ಏರಿಯಾದ ಹೆಸರನ್ನು ಮೂರು ಥರ ಬರೆದರೂ ಒಂದೇ ಪುಟ ತೆರೆಯಬೇಕು. ನಾನು ನೋಡಿದ ಒಂದು ಪಟ್ಟಿಯಲ್ಲಿ ಮೂರು ಕಾಗುಣಿತಕ್ಕೆ ಮೂರು ಏರಿಯಾ ಇದ್ದವು, ಒಂದೊಂದರಲ್ಲೂ ಬೇರೆ ಬೇರೆ ಪ್ಲಂಬರ್‌ಗಳು!

ಅವರಲ್ಲಿ ಒಬ್ಬರಿಗೆ ಫೋನ್ ಮಾಡಿದೆ. ಅವರೂ ಅದನ್ನೇ ಕೇಳಿದರು, ಯಾವ ಏರಿಯಾ? ನನ್ನ ಹತ್ತಿರ ಇದ್ದ ಮೂರು ಹೆಸರನ್ನೂ ಹೇಳಿದೆ. ಒಂದೂ ತಲೆಗೆ ಹೋಗಲಿಲ್ಲ. ನೀರಿನ ಟ್ಯಾಂಕಿನ ಹಿಂದೆ ಅಂದೆ. ಹತ್ತು ನಿಮಿಷದಲ್ಲಿ ಬಂದರು.