ಭಾರ ಯಾವ ಕಾಲಿನ ಮೇಲೆ?

ಮನುಷ್ಯ ಎರಡು ಕಾಲಿನ ಮೇಲೆ ನಿಲ್ಲುತ್ತಾನೆ ಎಂಬುದು ಅರ್ಧ ಸುಳ್ಳು. ಪ್ರಾರ್ಥನೆಯ ಸಾಲಿನಲ್ಲೋ ಪೊಲೀಸ್ ಪರೇಡಿನಲ್ಲೋ ಹಾಗೆ ನಿಂತಾನು. ಉಳಿದ ಹೊತ್ತೆಲ್ಲ ಒಂದು ಕಾಲಿಗೆ ದುಡಿಮೆ, ಇನ್ನೊಂದಕ್ಕೆ ರಜೆ. ಬಸ್ ನಿಲ್ದಾಣದಲ್ಲಿ ಐದು ನಿಮಿಷ ಕೂತು ನೋಡಿ: ಕಾಲು ಬದಲಿಸುವವರು, ಕಂಬಕ್ಕೆ ಒರಗುವವರು, ಚೀಲವನ್ನು ಈ ಕೈಯಿಂದ ಆ ಕೈಗೆ ದಾಟಿಸುವವರು. ಮನುಷ್ಯನನ್ನು ಸೆಕೆಂಡುಗಳ ಲೆಕ್ಕದಲ್ಲಿ ಬರೆಯುವ ಅಭ್ಯಾಸಕ್ಕೆ ಕಲಾಶಾಲೆಗಳಲ್ಲಿ ಗೆಸ್ಚರ್ ಡ್ರಾಯಿಂಗ್ ಅನ್ನುತ್ತಾರೆ. ಮುಖ ಯಾರದೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಭಾರ ಯಾವ ಕಾಲಿನ ಮೇಲಿದೆ ಎಂಬುದೊಂದು ಗೊತ್ತಾದರೆ ಅರ್ಧ ಚಿತ್ರ ಮುಗಿದಂತೆ.

ನಾಲ್ಕನೆಯ ಮಹಡಿಯಿಂದ ಹಾರಿದವನು ನೆಲ ಮುಟ್ಟುವಷ್ಟರಲ್ಲಿ ಅವನ ಸ್ಕೆಚ್ ಮಾಡಲಾರದವನಿಂದ ದೊಡ್ಡ ಚಿತ್ರ ಹುಟ್ಟಲಾರದು ಎಂದು ಫ್ರೆಂಚ್ ಚಿತ್ರಕಾರ ದೆಲಾಕ್ರುವಾ ಹೇಳುತ್ತಿದ್ದನಂತೆ. ಕವಿ ಬೋದಿಲೇರ್ ಇದನ್ನು ಬರೆದಿಟ್ಟಿದ್ದಾನೆ. ಮಹಡಿಯ ಎತ್ತರ ಸುಮಾರು 12 ಮೀಟರ್ ಎಂದಿಟ್ಟುಕೊಂಡರೆ ಬೀಳಲು ಒಂದೂವರೆ ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಮಾತಿನ ಭರದಲ್ಲಿ ಹೇಳಿರಬೇಕು, ಪುಣ್ಯಾತ್ಮ. ನಮಗೆ 30 ಸೆಕೆಂಡ್ ಸಿಗುತ್ತದೆ, ಯಾರೂ ಹಾರಬೇಕಾಗಿಯೂ ಇಲ್ಲ.

ಆ 30ರಲ್ಲಿ ಮೊದಲ ಐದು ಸೆಕೆಂಡ್ ಕೈ ಕಟ್ಟಿಕೊಂಡು ನೋಡುವುದಕ್ಕೆ. ಹೊಸಬರಿಗೆ ಇದೇ ಎಲ್ಲಕ್ಕಿಂತ ಕಷ್ಟ. ಗಡಿಯಾರ ಓಡುತ್ತಿರುವಾಗ ಸುಮ್ಮನಿರುವುದು ದಂಡ ಅನಿಸುತ್ತದೆ. ಆಮೇಲೆ ತಲೆಗೊಂದು ಮೊಟ್ಟೆಯಾಕಾರ, ಕಣ್ಣು ಮೂಗು ಏನೂ ಇಲ್ಲದ್ದು. ಅದರ ಬುಡದಿಂದ ಕತ್ತು, ಬೆನ್ನುಮೂಳೆ, ಸೊಂಟ ದಾಟಿ, ಭಾರ ಹೊತ್ತ ಕಾಲಿನ ಹಿಮ್ಮಡಿಯವರೆಗೆ ಕೈಯೆತ್ತದೆ ಒಂದೇ ಗೆರೆ. ಅದು ಒಮ್ಮೆ ಬಾಗಿರಬಹುದು, ಎರಡು ಸಲ ಬಾಗಿರಬಹುದು, ನೆಟ್ಟಗಿರುವುದು ಅಪರೂಪ. ಅದರ ಮೇಲೆ ಎರಡು ಅಡ್ಡಗೆರೆ, ಭುಜಕ್ಕೊಂದು, ಸೊಂಟಕ್ಕೊಂದು. ಭಾರ ಹೊತ್ತ ಕಡೆ ಸೊಂಟ ಮೇಲೇರುತ್ತದೆ, ತೂಕ ಸರಿದೂಗಿಸಲು ದೇಹ ಅದೇ ಕಡೆಯ ಭುಜವನ್ನು ಇಳಿಸುತ್ತದೆ. ಹೀಗಾಗಿ ಎರಡು ಗೆರೆಗಳು ಒಂದು ಪಕ್ಕದಲ್ಲಿ ಹತ್ತಿರವಾಗಿ ಇನ್ನೊಂದು ಪಕ್ಕದಲ್ಲಿ ದೂರವಾಗುತ್ತವೆ. ಹತ್ತಿರವಾದ ಪಕ್ಕದಲ್ಲಿ ಮೈ ಮಡಿಚಿಕೊಳ್ಳುತ್ತದೆ, ಸೀರೆ ಉಟ್ಟವರಲ್ಲಿ ಆ ಮಡಿಕೆ ಎದ್ದು ಕಾಣುತ್ತದೆ; ಆಚೆ ಪಕ್ಕ ಹಿಗ್ಗಿ ಉದ್ದವಾಗುತ್ತದೆ. ಇಲ್ಲಿಗೆ 15 ಸೆಕೆಂಡ್. ಉಳಿದ ಸಮಯ ಕೈಕಾಲಿಗೆ, ಮತ್ತು ಕೊನೆಯಲ್ಲಿ ಪಾದ ನೆಲಕ್ಕೆ ತಾಗುವ ಜಾಗದಲ್ಲಿ ಒತ್ತಿ ಎಳೆದ ಒಂದು ಗೀರಿಗೆ. ಆ ಗೀರಿಲ್ಲದಿದ್ದರೆ ಆಸಾಮಿ ಗಾಳಿಯಲ್ಲಿ ತೇಲುತ್ತಾನೆ.

ಬರೆದದ್ದು ನಿಂತಿದೆಯೋ ಬೀಳುತ್ತಿದೆಯೋ ಎಂದು ನೋಡಲು ಪೆನ್ಸಿಲನ್ನು ತುದಿಯಲ್ಲಿ ಸಡಿಲವಾಗಿ ಹಿಡಿದು ತೂಗಬಿಡಿ. ಎದುರಿಗಿರುವವರ ಕತ್ತಿನ ಗುಳಿಯ ನೇರಕ್ಕೆ ಅದನ್ನು ಹಿಡಿದು ಕೆಳಗೆ ಕಣ್ಣು ಹಾಯಿಸಿದರೆ, ಒಂಟಿಕಾಲಿನ ಮೇಲೆ ಭಾರ ಬಿಟ್ಟವರಲ್ಲಿ ಆ ಕಾಲಿನ ಪಾದವೇ ಸಿಗುತ್ತದೆ. ಎರಡೂ ಕಾಲು ದುಡಿಯುತ್ತಿದ್ದರೆ ಪಾದಗಳ ನಡುವಿನ ಜಾಗ ಸಿಗುತ್ತದೆ. ಎರಡೂ ಅಲ್ಲವಾದರೆ ಅವರು ಯಾವುದಕ್ಕೋ ಒರಗಿದ್ದಾರೆ, ಏನನ್ನೋ ಹೊತ್ತಿದ್ದಾರೆ, ಇಲ್ಲವೇ ಹೊರಡುತ್ತಿದ್ದಾರೆ. ಹಾಗಿದ್ದರೆ ಒರಗಿದ ಕಂಬವನ್ನೂ ಒಂದು ಗೆರೆಯಲ್ಲಿ ಹಾಕಲೇಬೇಕು.

ಎಡವಟ್ಟುಗಳಲ್ಲಿ ಹೆಚ್ಚಿನವು ತಲೆಯಿಂದಲೇ ಶುರುವಾಗುತ್ತವೆ. ಮುಖ ಬರೆಯುವ ಆಸೆಗೆ ತಲೆ ದೊಡ್ಡದಾಗುತ್ತದೆ. ದೊಡ್ಡವರ ಎತ್ತರ ಅವರ ತಲೆಯ ಏಳು, ಏಳೂವರೆ ಪಟ್ಟು ಇರುವುದರಿಂದ ಮೊಣಕಾಲಿಗೆ ಬರುವಷ್ಟರಲ್ಲಿ ಹಾಳೆ ಮುಗಿದಿರುತ್ತದೆ. ಎಷ್ಟೋ ಸ್ಕೆಚ್‌ಬುಕ್ಕುಗಳ ತುಂಬ ಪಾದವಿಲ್ಲದ ಜನ. ನೆತ್ತಿಗೊಂದು, ಹಿಮ್ಮಡಿಗೊಂದು ಗುರುತು ಮೊದಲೇ ಹಾಕಿಕೊಂಡರೆ ಈ ಕಾಯಿಲೆ ವಾಸಿ. ಎರಡನೆಯದು ಕೈಕಾಲಿನ ಎರಡೂ ಅಂಚುಗಳನ್ನು ಒಂದೇ ಎತ್ತರದಲ್ಲಿ ಉಬ್ಬಿಸುವುದು. ತೊಡೆ ಎರಡು ತುದಿ ಬಿಗಿದ ತಲೆದಿಂಬಾಗುತ್ತದೆ. ಮೈಯಲ್ಲಿ ಉಬ್ಬುಗಳು ಎದುರುಬದುರಾಗಿ ಇರುವುದಿಲ್ಲ. ಮೀನಖಂಡದ ಹೊರಗಿನ ಉಬ್ಬು ಮೇಲಿರುತ್ತದೆ, ಒಳಗಿನದು ಕೆಳಗೆ. ಹರಡಿನ ಗಂಟಿನಲ್ಲಿ ಇದು ತಿರುಗುಮುರುಗು, ಒಳಗಿನ ಗಂಟು ಮೇಲೆ, ಹೊರಗಿನದು ಕೆಳಗೆ. ಈ ಓರೆಯನ್ನು ಹಿಡಿದರೆ ಎರಡೇ ಗೆರೆಯಲ್ಲಿ ಕಾಲಿಗೆ ಜೀವ ಬರುತ್ತದೆ.

ಮೂರನೆಯದು ಸೆಟೆಯುವುದು. ನಮ್ಮ ಕಣ್ಣು ಬಾಗಿದ್ದನ್ನು ತಿದ್ದಿ ನೆಟ್ಟಗೆ ಮಾಡುತ್ತದೆ, ಕೈ ಇನ್ನಷ್ಟು ನೆಟ್ಟಗೆ ಮಾಡುತ್ತದೆ. ಹಾಗಾಗಿ ಕಂಡದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಾಗಿಸಬೇಕು. ಅತಿಯಾಯಿತು ಅನಿಸಿದಾಗ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಕೊನೆಯದು ಕೂದಲೆಳೆಯಂಥ ತುಂಡುಗೆರೆಗಳಿಂದ ಅಂಚನ್ನು ಸವರುತ್ತ ಹೋಗುವುದು. ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಪಾಠ ಹೇಳುತ್ತಿದ್ದ ಕಿಮೋನ್ ನಿಕೊಲೈಡಿಸ್ ಅಂಚನ್ನೇ ಬಿಟ್ಟು ಮೈಯ ಒಳಗಿನಿಂದ ಸುತ್ತುಸುತ್ತಾಗಿ ಗೀಚಿಸುತ್ತಿದ್ದ. ಹಾಗೆ ಗೀಚುವುದು ಬೇರೆ, ಹೆದರಿ ಸವರುವುದು ಬೇರೆ. ಮೊದಲನೆಯದರಲ್ಲಿ ಕೈ ಭುಜದಿಂದ ಆಡುತ್ತದೆ, ಎರಡನೆಯದರಲ್ಲಿ ಬೆರಳಿನಿಂದ.

ಭುಜ ಆಡಬೇಕಾದರೆ ಹಾಳೆ ದೊಡ್ಡದಿರಬೇಕು, ಎ3ಗಿಂತ ಕಡಿಮೆ ಬೇಡ. ಬೋರ್ಡಿಗೆ ಕ್ಲಿಪ್ ಹಾಕಿ, ಮೇಜಿನ ಮೇಲೆ ಮಲಗಿಸದೆ ಓರೆಯಾಗಿ ನಿಲ್ಲಿಸಿ. ಮಲಗಿಸಿದರೆ ದೂರದ ತುದಿ ಕುಗ್ಗಿ ಕಂಡು, ಬರೆದವರ ಮೈ ಉದ್ದವಾಗುತ್ತದೆ. ನ್ಯೂಸ್‌ಪ್ರಿಂಟ್, ಅಂದರೆ ಪತ್ರಿಕೆ ಅಚ್ಚುಹಾಕುವ ಕಾಗದ, ಅಗ್ಗ, ಹಾಳಾದರೆ ಹೊಟ್ಟೆ ಉರಿಯದು. ಇದ್ದಿಲಿನ ಕಡ್ಡಿಯಾದರೆ ಅಂಗೈ ಕೆಳಗೆ ಅಡ್ಡ ಹಿಡಿಯಬೇಕು, ಪೆನ್ಸಿಲ್ಲಾದರೆ ಮೆತ್ತನೆಯ, ಕಪ್ಪು ಗೆರೆಯ 4ಬಿ ಅಥವಾ 6ಬಿ. ರಬ್ಬರನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಅರ್ಧ ಗಂಟೆ ಸಿಕ್ಕರೆ 30 ಸೆಕೆಂಡಿನವು ಹತ್ತು, ಒಂದು ನಿಮಿಷದವು ಐದು, ಎರಡು ನಿಮಿಷದವು ಐದು, ಕೊನೆಗೆ ಐದು ನಿಮಿಷದವು ಎರಡು. ಎರಡು ನಿಮಿಷ ಸಿಕ್ಕಿತೆಂದು ಮತ್ತೆ ಕಣ್ಣು ಮೂಗಿಗೆ ಹೋಗಬಾರದು. ಪಕ್ಕೆಲುಬಿನ ಗೂಡು ಯಾವ ಕಡೆ ತಿರುಗಿದೆ, ಸೊಂಟ ಯಾವ ಕಡೆ ತಿರುಗಿದೆ ಎಂದು ನೋಡಬೇಕು. ಗಡಿಯಾರ ಕಟ್ಟಿ ಫೋಟೊ ತೋರಿಸುವ ವೆಬ್‌ಸೈಟುಗಳಿಂದಲೂ ಕಲಿಯಬಹುದು. ಆದರೆ ಫೋಟೊ ಮೊದಲೇ ಚಪ್ಪಟೆಯಾಗಿರುತ್ತದೆ, ಮೊಬೈಲಿನಲ್ಲಿ ಹತ್ತಿರದಿಂದ ತೆಗೆದದ್ದಾದರೆ ಮುಂದೆ ಚಾಚಿದ ಕೈ ಮೊರದಷ್ಟಾಗಿರುತ್ತದೆ.

ಅದಕ್ಕಿಂತ ಸಂತೆ ಮೇಲು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆ, ಮೈಸೂರಿನ ದೇವರಾಜ ಮಾರುಕಟ್ಟೆಗಳಲ್ಲಿ ಮಾಡೆಲ್‌ಗಳಿಗೆ ಬರವಿಲ್ಲ, ಒಬ್ಬರೂ ಅಲುಗಾಡದೆ ನಿಲ್ಲುವುದಿಲ್ಲ ಅಷ್ಟೆ. ಇದಕ್ಕೊಂದು ಉಪಾಯವಿದೆ. ಕೆಲಸದಲ್ಲಿರುವವರ ಮೈ ಸುತ್ತಿ ಸುತ್ತಿ ಅದೇ ಭಂಗಿಗೆ ಮರಳುತ್ತದೆ. ಹೂ ಕಟ್ಟುವಾಕೆ ಬುಟ್ಟಿಗೆ ಕೈ ಹಾಕುತ್ತಾಳೆ, ಹೂ ಜೋಡಿಸುತ್ತಾಳೆ, ದಾರ ಬಿಗಿಯುತ್ತಾಳೆ. ಹಾಳೆಯಲ್ಲಿ ಮೂರು ಕಡೆ ಮೂರು ಭಂಗಿ ಶುರು ಮಾಡಿಟ್ಟುಕೊಂಡು, ಯಾವುದು ಬಂತೋ ಅದಕ್ಕೆ ಎರಡು ಗೆರೆ ಸೇರಿಸುತ್ತ ಹೋದರೆ ಹತ್ತು ನಿಮಿಷಕ್ಕೆ ಮೂರೂ ಮುಗಿಯುತ್ತವೆ. ದೋಸೆ ಹುಯ್ಯುವವನು, ಬಟ್ಟೆ ಇಸ್ತ್ರಿ ಮಾಡುವವನು, ಕಾಫಿ ಆರಿಸುವವನು, ಎಲ್ಲರಿಗೂ ಇದೇ ಲೆಕ್ಕ.

ಭಾರದ ಪಾಠವೂ ಇಲ್ಲೇ. ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡ ತಾಯಿಯ ಸೊಂಟ ಮಗುವಿನ ಕಡೆ ಹೊರಚಾಚಿರುತ್ತದೆ, ಭುಜ ಅದರ ಎದುರು ದಿಕ್ಕಿಗೆ ವಾಲಿರುತ್ತದೆ. ತಲೆಹೊರೆಯವನ ಕತ್ತು ಕದಲುವುದಿಲ್ಲ, ಓಟವೆಲ್ಲ ಮೊಣಕಾಲಲ್ಲಿ. ಓಡುವ ಬಸ್ಸಿನಲ್ಲಿ ಟಿಕೆಟ್ ಕೊಡುವ ಕಂಡಕ್ಟರು ಸೀಟಿನ ಅಂಚಿಗೆ ಸೊಂಟ ಆನಿಸಿ ಕಾಲು ಅಗಲಿಸಿ ನಿಂತಿರುತ್ತಾರೆ. ಅವರ ಮೂರನೆಯ ಕಾಲು ಆ ಸೀಟು. ಉಡುಪಿಗೆ ಹೆದರಬೇಕಾಗಿಲ್ಲ. ಬಟ್ಟೆಯ ನಿರಿಗೆಗಳು ಎಳೆತವಿರುವ ಕಡೆಯಿಂದ, ಭುಜದಿಂದ, ಸೊಂಟದಿಂದ, ಬಾಗಿದ ಮೊಣಕಾಲಿನಿಂದ ಹೊರಡುತ್ತವೆ. ಎತ್ತಿ ಕಟ್ಟಿದ ಪಂಚೆಯ ನಾಲ್ಕು ನಿರಿಗೆ ಸರಿಯಾಗಿ ಹಾಕಿದರೆ ಒಳಗಿನ ಕಾಲು ತಾನಾಗಿ ಕಾಣುತ್ತದೆ. ಯಾರಾದರೂ ನೋಡಿಬಿಟ್ಟರೆ ಹಾಳೆ ತೋರಿಸಿ. "ನನ್ ಥರ ಇಲ್ವಲ್ಲ ಸಾರ್" ಅನ್ನುತ್ತಾರೆ. ನಿಜವೇ. ಮರುಗಳಿಗೆ ಅವರು ಕ್ರಾಪು ಸರಿಮಾಡಿಕೊಂಡು ನೆಟ್ಟಗೆ ನಿಂತರೆ, ಆ ಭಂಗಿ ಮಾತ್ರ ಯಾತಕ್ಕೂ ಬಾರದು.

ಅಲುಗಾಡದ ಮಾಡೆಲೇ ಬೇಕೆಂದರೆ ಬೇಲೂರಿಗೆ ಹೋಗಬೇಕು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರದು ತ್ರಿಭಂಗ. ಕತ್ತು, ನಡು, ಮೊಣಕಾಲು ಮೂರೂ ಒಂದೊಂದು ಕಡೆ ಬಾಗಿವೆ. ಮೇಲೆ ಹೇಳಿದ ಎರಡು ಅಡ್ಡಗೆರೆಗಳನ್ನು ಇಷ್ಟು ಸ್ಪಷ್ಟವಾಗಿ ತೋರಿಸುವವರು ಬೇರಿಲ್ಲ. ಆಭರಣಕ್ಕೆ ಮರುಳಾದರೆ ಮಾತ್ರ ಕೆಟ್ಟಿರಿ, ಇಡೀ ದಿನ ಕೂತರೂ ಒಂದು ಡಾಬು ಮುಗಿಯದು. ತಲೆಯೆತ್ತಿ ನೋಡುವುದರಿಂದ ಕಾಲು ಉದ್ದ, ತಲೆ ಚಿಕ್ಕದಾಗಿ ಕಾಣುತ್ತದೆ. ಅದನ್ನು ಹಾಗೆಯೇ ಬರೆಯಿರಿ.

ಕುಣಿಯುವವರನ್ನು ಹಿಡಿಯುವುದು ಕಡೆಯ ಪರೀಕ್ಷೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರು ಲಯ ಏನೆಂದು ತಿಳಿಯಲು ಕಥಕ್ ಕಲಿತರು. ಅವರ ನರ್ತಕರ ರೇಖಾಚಿತ್ರಗಳಲ್ಲಿ ಬೆರಳೆಣಿಕೆಯ ಗೆರೆಗಳಷ್ಟೇ ಇರುತ್ತವೆ. ಫ್ರೆಂಚ್ ಶಿಲ್ಪಿ ರೋದಾಂ ತನ್ನ ಮಾಡೆಲ್‌ಗಳನ್ನು ಅಡ್ಡಾಡಲು ಬಿಟ್ಟು, ಹಾಳೆಯ ಕಡೆ ನೋಡದೆಯೇ ಬರೆಯುತ್ತಿದ್ದ. ಯಕ್ಷಗಾನದ ಧೀಂಗಿಣಕ್ಕೆ, ಆ ಗಿರಗಿರನೆ ಸುತ್ತುವ ಹಾರುಕುಣಿತಕ್ಕೆ, ಇದಲ್ಲದೆ ಬೇರೆ ದಾರಿಯಿಲ್ಲ. ಹಾಳೆ ನೋಡಿ ತಲೆಯೆತ್ತುವಷ್ಟರಲ್ಲಿ ವೇಷಧಾರಿ ಎರಡು ಸುತ್ತು ಮುಗಿಸಿರುತ್ತಾನೆ. ಅಲ್ಲಿ ಕಿರೀಟದ ವಾಲು, ಬೆನ್ನಿನ ಗೆರೆ, ನೆಲ ಬಿಟ್ಟ ಪಾದ, ಇಷ್ಟೇ ಸಾಕು.

ಹಾಳೆಗಳ ರಾಶಿಯನ್ನು ಏನು ಮಾಡುವುದು ಎಂಬ ಪ್ರಶ್ನೆ ಬೇಗ ಬರುತ್ತದೆ. ನ್ಯೂಸ್‌ಪ್ರಿಂಟ್ ಕೆಲವೇ ತಿಂಗಳಲ್ಲಿ ಹಳದಿಯಾಗುತ್ತದೆ, ಬರಬರುತ್ತ ಪುಡಿಯಾಗತೊಡಗುತ್ತದೆ, ಇದ್ದಿಲು ಪಕ್ಕದ ಹಾಳೆಗೆ ಮೆತ್ತಿಕೊಳ್ಳುತ್ತದೆ. ಇದ್ದಿಲು ಅಳಿಸದಂತೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಹೊಡೆಯಬಹುದು, ಕಿಟಕಿ ತೆಗೆದಿಟ್ಟು. ತಾರೀಖು ಹಾಕಿ, ತಿಂಗಳಿಗೆ ಐದಾರನ್ನು ಆರಿಸಿ ಫೋಟೊ ತೆಗೆದಿಟ್ಟು, ಉಳಿದದ್ದನ್ನು ರದ್ದಿಗೆ ಹಾಕುವುದು ಲೇಸು. ಹಾಕುವ ಮುಂಚೆ ಪ್ರತಿ ಹಾಳೆಯನ್ನೂ ತಿರುಗಿಸಿ ನೋಡಿ. ಚೆನ್ನಾಗಿ ಬಂದದ್ದು ಸಾಮಾನ್ಯವಾಗಿ ಹಿಂಬದಿಯಲ್ಲಿರುತ್ತದೆ.