ಐದಡಿ ಹನ್ನೊಂದಿಂಚಿನ ಕುಳ್ಳ

ಐದಡಿ ಹನ್ನೊಂದಿಂಚು ಎತ್ತರದ ಹುಡುಗನಿಗೆ ಮುಂಬೈಯಲ್ಲಿ ಎಂಥ ಮರ್ಯಾದೆ ಸಿಗುತ್ತದೆ ಅಂತ ನಿಮಗೇ ಗೊತ್ತು. ವಧೂವರರ ಸಮಾವೇಶದ ಫಾರ್ಮಿನಲ್ಲಿ 'ಎತ್ತರದ, ಆಕರ್ಷಕ ನಿಲುವು' ಅಂತ ಬರೆಯುತ್ತಾರೆ. ಹುಡುಗಿಯ ಕಡೆಯವರು ಸಂಬಳದ ಕಾಲಂಗೆ ಬರುವ ಮೊದಲೇ ಅರ್ಧ ಒಪ್ಪಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಸಂಜೆ ಆರೂವರೆಯ ಡೊಂಬಿವಲಿ ಲೋಕಲ್‌ನಲ್ಲಿ ಅವನ ಮೂಗು ಉಳಿದವರ ಕಂಕುಳಿಗಿಂತ ಮೇಲಿರುತ್ತದೆ. ಇದಕ್ಕಿಂತ ದೊಡ್ಡ ಆಸ್ತಿ ಈ ಊರಿನಲ್ಲಿ ಇನ್ನೇನಿದೆ?

ಅದೇ ಹುಡುಗ ಅಮೆರಿಕ, ಕೆನಡಾದ ಎನ್‌ಎಚ್‌ಎಲ್ ಅನ್ನುವ ಐಸ್ ಹಾಕಿ ಲೀಗಿಗೆ ಡಿಫೆನ್ಸ್ ಆಡಲು ಹೋದ ಅನ್ನಿ. ಅಲ್ಲಿನ ಪಂಡಿತರು ಅವನನ್ನು ಮೇಲಿಂದ ಕೆಳಗೆ ನೋಡಿ, 'ಪ್ರತಿಭೆ ಇದೆ, ಆದರೆ ಸ್ವಲ್ಪ ಕುಳ್ಳ' ಅನ್ನುತ್ತಾರೆ. ಕೋಲ್‌ರಾಡೋ ತಂಡದ ಕೇಲ್ ಮಕಾರ್ ಐದಡಿ ಹನ್ನೊಂದೇ. ಆ 'ಕುಳ್ಳ' 2022ರಲ್ಲಿ ತಂಡಕ್ಕೆ ಲೀಗಿನ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಗೆಲ್ಲಿಸಿ, ಪ್ಲೇಆಫ್‌ನ ಶ್ರೇಷ್ಠ ಆಟಗಾರನೂ ಆಗಿ, ಅದೇ ವರ್ಷದ ಶ್ರೇಷ್ಠ ಡಿಫೆನ್ಸ್ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿಯನ್ನೂ ಮನೆಗೆ ಒಯ್ದ.

ನಾನು ಐದಡಿ ಮೂರಿಂಚು. ಹಾಗಾಗಿ ಈ ಬರಹದಲ್ಲಿ ಪಕ್ಷಪಾತ ಇದೆ. ಮೊದಲೇ ಹೇಳಿಬಿಟ್ಟೆ.

ನನಗೂ ಐಸ್ ಹಾಕಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ನಲ್ಲಿಯದು. ನಮ್ಮ ಕಟ್ಟಡಕ್ಕೆ ನೀರು ಬರುವುದು ಬೆಳಗ್ಗೆ ಐದಕ್ಕೆ, ಹೋಗುವುದು ಆರೂಕಾಲಿಗೆ. ಡ್ರಮ್ಮು, ಬಕೆಟ್ಟು, ಪಾತ್ರೆ ತುಂಬುವ ತನಕ ಮಲಗುವಂತಿಲ್ಲ. ಮಾಂಟ್ರಿಯಲ್‌ನಲ್ಲಿ ಓದುತ್ತಿರುವ ಅಕ್ಕನ ಮಗ, "ಮಾಮ, ಹೇಗೂ ಎದ್ದಿರ್ತೀರಲ್ಲ, ಇದನ್ನ ನೋಡಿ" ಅಂತ ಒಂದು ದಿನ ಹೇಳಿದ. ಚಳಿಗಾಲದಲ್ಲಿ ಅಲ್ಲಿ ಸಂಜೆ ಏಳರ ಪಂದ್ಯ ಇಲ್ಲಿ ಬೆಳಗ್ಗೆ ಐದೂವರೆಗೆ. ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ಮೊಬೈಲು. ಮೊದಲ ವಾರ ಪಕ್ ಎಲ್ಲಿದೆ ಅಂತಲೇ ಕಾಣಲಿಲ್ಲ. ಮೂರಿಂಚು ಅಗಲದ ಕರಿ ರಬ್ಬರ್ ಬಿಲ್ಲೆ ಅದು, ನಮ್ಮ ಕ್ಯಾಂಟೀನಿನ ಸುಟ್ಟ ಉದ್ದಿನ ವಡೆಯಷ್ಟು. ಎರಡನೇ ವಾರ ಕಂಡಿತು. ಮೂರನೇ ವಾರ ಡ್ರಮ್ ತುಂಬಿ ಹರಿದು ಕೆಳಗಿನ ಮನೆಯವರು ಮೇಲೆ ಬಂದರು.

ಅಲ್ಲಿ ಡಿಫೆನ್ಸ್ ಅಂದರೆ ಹಿಂದೆಲ್ಲ ಬಾಗಿಲಿಗೆ ಅಡ್ಡ ಇಟ್ಟ ಕಪಾಟು. ಎದುರಾಳಿ ಬಂದರೆ ಅಪ್ಪಳಿಸು, ತಬ್ಬಿಕೋ, ಸ್ಟಿಕ್ಕಿನಿಂದ ಸೊಂಟಕ್ಕೆ ಕೊಕ್ಕೆ ಹಾಕು, ಒಟ್ಟಿನಲ್ಲಿ ಗೋಲಿನ ಹತ್ತಿರ ಬಿಡಬೇಡ. ಇದಕ್ಕೆ ಕಪಾಟಿನ ಸೈಜೇ ಬೇಕು. 2004-05ರಲ್ಲಿ ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ ಇಡೀ ಸೀಸನ್ನೇ ರದ್ದಾಯಿತು. ಮರಳಿ ಬಂದಾಗ ಕೊಕ್ಕೆ ಹಾಕುವುದು, ಹಿಡಿದುಕೊಳ್ಳುವುದಕ್ಕೆಲ್ಲ ರೆಫ್ರಿ ಬಿಗಿಯಾಗಿ ಸೀಟಿ ಊದಲು ಶುರು ಮಾಡಿದ. ಹಿಂದಿನಿಂದ ನಡುಗೆರೆ ದಾಟಿಸಿ ಉದ್ದ ಪಾಸ್ ಕೊಡಲು ಅನುಮತಿ ಸಿಕ್ಕಿತು. ಈಗ ಕಪಾಟು ಏನು ಮಾಡಬೇಕು? ಪಕ್ ತೆಗೆದುಕೊಂಡು, ತಿರುಗಿ, ಓಡಿ, ಪಾಸ್ ಕೊಡಬೇಕು. ಕಪಾಟಿಗೆ ತಿರುಗಲು ಜಾಗ ಜಾಸ್ತಿ ಬೇಕು.

ಹಾಗಾಗಿ ಕುಳ್ಳರು ಬಂದರು. 2021ರಿಂದ 2025ರವರೆಗಿನ ಐದು ನಾರಿಸ್ ಟ್ರೋಫಿಗಳಲ್ಲಿ ನಾಲ್ಕು ಆರಡಿಗಿಂತ ಕಡಿಮೆ ಇರುವವರ ಪಾಲಾದವು: ಆಡಮ್ ಫಾಕ್ಸ್, ಎರಡು ಸಲ ಮಕಾರ್, ಮತ್ತೆ ಐದಡಿ ಹತ್ತಿಂಚಿನ ಕ್ವಿನ್ ಹ್ಯೂಸ್. ಐದನೆಯದನ್ನು ಗೆದ್ದ ಎರಿಕ್ ಕಾರ್ಲ್‌ಸನ್ ಸರಿಯಾಗಿ ಆರಡಿ. ಇಷ್ಟಾದ ಮೇಲೆ ಎತ್ತರ ಅಳೆಯುವ ಟೇಪನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿರಬೇಕು ಅಂದುಕೊಂಡಿರಾ? ಇಲ್ಲ ಸ್ವಾಮಿ.

ಲೇನ್ ಹಟ್ಸನ್‌ನನ್ನೇ ನೋಡಿ. ಐದಡಿ ಒಂಬತ್ತು. 2022ರಲ್ಲಿ ತಂಡಗಳು ಹುಡುಗರನ್ನು ಆರಿಸುವ ಡ್ರಾಫ್ಟಿಗೆ ಮೊದಲು ಎಲ್ಲರ ಅಳತೆ ತೆಗೆಯುತ್ತಾರಲ್ಲ, ಅಲ್ಲಿಗೆ ಈ ಹುಡುಗ ವೈದ್ಯರ ಚೀಟಿ ಹಿಡಿದುಕೊಂಡು ಹೋದ. ರಜಾಚೀಟಿ ಅಲ್ಲ. 'ಇವನ ಎಲುಬು ಇನ್ನೂ ಬೆಳೆಯುತ್ತಿದೆ, ದಯವಿಟ್ಟು ಗಮನಿಸಿ' ಅನ್ನುವ ಅರ್ಥದ ಚೀಟಿ! ಅವನ ಆಟದ ವಿಡಿಯೋ ಎಲ್ಲರ ಹತ್ತಿರವೂ ಇತ್ತು. ಆದರೂ ಎಲುಬಿನ ಭವಿಷ್ಯದ ಬಗ್ಗೆ ಕಾಗದ ಬೇಕಾಯಿತು. 61 ಹುಡುಗರನ್ನು ಆರಿಸಿದ ಮೇಲೆ 62ನೆಯವನಾಗಿ ಮಾಂಟ್ರಿಯಲ್ ಅವನನ್ನು ಕರೆಯಿತು. ಅವನು ತನ್ನ ಮೊದಲ ಪೂರ್ತಿ ಸೀಸನ್ನಿನಲ್ಲೇ 60 ಅಸಿಸ್ಟ್, ಅಂದರೆ ಗೋಲಿಗೆ ದಾರಿ ಮಾಡುವ ಪಾಸ್, ಕೊಟ್ಟು, ಹೊಸ ಡಿಫೆನ್ಸ್ ಆಟಗಾರರ ಪೈಕಿ ಲ್ಯಾರಿ ಮರ್ಫಿ 1980-81ರಲ್ಲಿ ಮಾಡಿದ್ದ ದಾಖಲೆ ಸರಿಗಟ್ಟಿ, 2025ರ ಶ್ರೇಷ್ಠ ಹೊಸ ಆಟಗಾರನಾದ. ಚೀಟಿ ಈಗ ಎಲ್ಲಿದೆಯೋ. ಫ್ರೇಮ್ ಹಾಕಿಸಬೇಕಾದ ಕಾಗದ.

ನಾನು ಬಕೆಟ್ ಬದಲಿಸುತ್ತಾ ಈ ಜನರನ್ನು ನೋಡಿ ನಗುತ್ತಿದ್ದೆ. ಎಷ್ಟು ದುಡ್ಡು, ಎಷ್ಟು ಕ್ಯಾಮೆರಾ, ಎಷ್ಟು ಕಂಪ್ಯೂಟರ್, ಕೊನೆಗೆ ಗೋಡೆಗೆ ನಿಲ್ಲಿಸಿ ತಲೆ ಮೇಲೆ ಸ್ಕೇಲ್ ಇಡುತ್ತಾರಲ್ಲ ಅಂತ. ಆ ನಗು ಜನವರಿಯ ಎರಡನೇ ಭಾನುವಾರದವರೆಗೆ ಇತ್ತು. ಅವತ್ತು ನಮ್ಮ ಸಂಘದ ಕಬಡ್ಡಿ ತಂಡದ ಆಯ್ಕೆ.

ಸಂಘದ ಹೆಸರು ಬೇಡ. ಮುಂಬೈಯಲ್ಲಿ ಕನ್ನಡಿಗರ ಸಂಘಗಳಿಗೆ ಬರವೇ? ಯಾವುದಾದರೊಂದನ್ನು ಊಹಿಸಿಕೊಳ್ಳಿ, ನಡೆಯುತ್ತದೆ. ವರ್ಷಕ್ಕೊಮ್ಮೆ ಕುರ್ಲಾದ ಒಂದು ಮೈದಾನದಲ್ಲಿ ಅಂತರ್ ಸಂಘ ಕಬಡ್ಡಿ. ಕಳೆದ ವರ್ಷ ಸೋತಿದ್ದೆವು. ಕಾರಣ ಹುಡುಕಿದ ಕಾರ್ಯಕಾರಿ ಸಮಿತಿ, 'ನಮ್ಮ ಹುಡುಗರಿಗೆ ಪರ್ಸನಾಲಿಟಿ ಇಲ್ಲ' ಅಂತ ಠರಾವು ಪಾಸು ಮಾಡಿತ್ತು. ಅಂದರೆ ಎತ್ತರ. ಈ ಸಲ ಐದಡಿ ಎಂಟಿಂಚಿಗೆ ಕಡಿಮೆ ಇದ್ದವರು ಅರ್ಜಿಯೇ ಹಾಕಬಾರದು.

ನಾನು ಒಂದು ಸಣ್ಣ ಲೆಕ್ಕ ಕೊಟ್ಟೆ. ಮಹಾರಾಷ್ಟ್ರದಲ್ಲಿ ಗಂಡಸು ಪೊಲೀಸ್ ಕಾನ್‌ಸ್ಟೇಬಲ್ ಆಗಲು 165 ಸೆಂಟಿಮೀಟರ್ ಸಾಕು. ನಮ್ಮ ಐದಡಿ ಎಂಟು ಅಂದರೆ ಹತ್ತಿರಹತ್ತಿರ 173. "ಅಧ್ಯಕ್ಷರೇ, ಕಳ್ಳನನ್ನು ಹಿಡಿಯೋದಕ್ಕೆ 165 ಸಾಕು, ರೇಡರ್‌ನನ್ನು ಹಿಡಿಯೋದಕ್ಕೆ 173 ಬೇಕಾ?" ಅಂದೆ.

"ಪೊಲೀಸರ ಹತ್ತಿರ ಲಾಠಿ ಇರುತ್ತೆ" ಅಂದರು ಅಧ್ಯಕ್ಷರು. ಸಭೆ ತಲೆದೂಗಿತು.

ಅಳತೆಗೆ ಟೇಪು ಯಾರ ಹತ್ತಿರವೂ ಇರಲಿಲ್ಲ. ಕೆಳಗಿನ ಅಂಗಡಿಯ ದರ್ಜಿಯಿಂದ ತಂದರು. ಹಳದಿ ಬಟ್ಟೆ ಟೇಪು. ಅದರ ತುದಿಯ ಹಿತ್ತಾಳೆ ತಗಡು ಕಿತ್ತುಹೋಗಿ, ಜೊತೆಗೆ ಮೊದಲ ಇಂಚೂ ಹೋಗಿತ್ತು. ಶುರುವಾಗುವುದೇ ಒಂದರಿಂದ. ದರ್ಜಿಗೆ ಅದು ಗೊತ್ತು, ಅವನು ಯಾವಾಗಲೂ ಒಂದು ಕಳೆದು ಬರೆದುಕೊಳ್ಳುತ್ತಾನೆ. ಸಮಿತಿಗೆ ಗೊತ್ತಿರಲಿಲ್ಲ. ಹರಿದ ತುದಿಯನ್ನು ಸಹ ಕಾರ್ಯದರ್ಶಿ ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ಹಿಡಿದರು, ಖಜಾಂಚಿ ಕುರ್ಚಿ ಹತ್ತಿ ಮೇಲಿನ ಸಂಖ್ಯೆ ಓದಿದರು. ಎಲ್ಲರೂ ಒಂದೊಂದು ಇಂಚು ಬೆಳೆದಿದ್ದರು! "ನೋಡಿ, ಈ ಸಲದ ಬ್ಯಾಚು ಚೆನ್ನಾಗಿದೆ" ಅಂದರು ಅಧ್ಯಕ್ಷರು. ತಾವೂ ನಿಂತು ಅಳೆಸಿಕೊಂಡರು. ಐದಡಿ ಎಂಟು. ತಮಾಷೆಗೆ ನನ್ನನ್ನೂ ನಿಲ್ಲಿಸಿದರು. ಐದಡಿ ನಾಲ್ಕು. ನನ್ನ ಮದುವೆ ಮಾತುಕತೆಯಲ್ಲಿ ಅಮ್ಮ ಹೇಳಿದ್ದ ಎತ್ತರ ಅದು. ಟೇಪಿನ ತುದಿ ನನಗೆ ಕಾಣುತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಬಾಯಿ ಬಿಡಬೇಕಾಗಿ ಬಂದದ್ದು ಮಾಣಿಯ ಸರದಿ ಬಂದಾಗ. ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಅವನು. ಕುಂದಾಪುರದ ಕಡೆಯ ಹುಡುಗ, ವಯಸ್ಸು 24. ಭಾನುವಾರ ಬೆಳಗ್ಗೆ ಅಲ್ಲಿಗೆ ಹೋಗಿ ನೋಡಬೇಕು ನೀವು. ಎರಡು ಮೇಜಿನ ನಡುವೆ ಒಂದು ಮೊಳ ಜಾಗ. ಆ ಜಾಗದಲ್ಲಿ ಚಪ್ಪಲಿ ಬಿಟ್ಟ ಕಾಲು, ತರಕಾರಿ ಚೀಲ, ಓಡಾಡುವ ಮಗು, ಎದುರಿನಿಂದ ಎಂಜಲು ಬಕೆಟ್ ಹಿಡಿದು ಬರುವ ಕ್ಲೀನರ್. ಇವನ ಎಡಗೈ ಮೇಲೆ ಬೆರಳಿನಿಂದ ಮೊಣಕೈವರೆಗೆ ನಾಲ್ಕು ಪ್ಲೇಟು, ಮೇಲಿನದರಲ್ಲಿ ಸಾಂಬಾರಿನಲ್ಲಿ ಮುಳುಗಿದ ಇಡ್ಲಿ. ಎಡಕ್ಕೆ ಹೋಗುತ್ತೇನೆ ಅನ್ನುವ ಹಾಗೆ ಭುಜ ತೋರಿಸುತ್ತಾನೆ. ಕ್ಲೀನರ್ ಬಲಕ್ಕೆ ಸರಿಯುತ್ತಾನೆ. ಅಷ್ಟರಲ್ಲಿ ಇವನು ಹಿಮ್ಮಡಿ ಮೇಲೆ ತಿರುಗಿ ಬಲದಿಂದಲೇ ದಾಟಿ, ಹೇಗೋ ಏನೋ, ಐದನೇ ಮೇಜಿನ ಹತ್ತಿರ ಇರುತ್ತಾನೆ. ಸಾಂಬಾರು ಅಲ್ಲಾಡಿರುವುದಿಲ್ಲ. ಹಟ್ಸನ್ ಎದುರಾಳಿಯ ಭಾಗ ಶುರುವಾಗುವ ನೀಲಿ ಗೆರೆಯ ಹತ್ತಿರ ಮಾಡುವುದು ಇದನ್ನೇ. ಅವನ ಕೈಯಲ್ಲಿ ಸಾಂಬಾರು ಇರುವುದಿಲ್ಲ ಅಷ್ಟೆ.

ಕಬಡ್ಡಿಯಲ್ಲಿ ಇವನು ರೈಟ್ ಕಾರ್ನರ್. ರೇಡರ್ ಬೋನಸ್ ಗೆರೆಗೆ ಕಾಲು ಚಾಚಿದರೆ ಸಾಕು, ಇವನ ಕೈ ಅವನ ಪಾದದ ಗಂಟಿನ ಮೇಲೆ ಬೀಗ. ನೆಲಕ್ಕೆ ಹತ್ತಿರ ಇರುವವನಿಗೆ ಪಾದ ಹತ್ತಿರ ಅಲ್ವಾ? ಇದಕ್ಕೆ ವಿಜ್ಞಾನಿ ಬೇಡ. ಪ್ರೊ ಕಬಡ್ಡಿಯಲ್ಲೂ ಇರುವುದು ತೂಕದ ಮಿತಿ, 85 ಕೆಜಿ. ಎತ್ತರ ಇಷ್ಟಿರಲೇಬೇಕು ಅಂತ ಅಲ್ಲಿ ಯಾರೂ ಟೇಪು ಹಿಡಿಯುವುದಿಲ್ಲ.

ಹರಿದ ಟೇಪಿನ ದಾನ ಸೇರಿಯೂ ಮಾಣಿ ಐದಡಿ ಐದು. "ರಿಜೆಕ್ಟ್" ಅಂದರು ಖಜಾಂಚಿ, ಕುರ್ಚಿಯ ಮೇಲಿನಿಂದಲೇ.

ನಾನು ಎದ್ದೆ. ಗಾವಸ್ಕರ್ ಅಂದೆ, ತೆಂಡೂಲ್ಕರ್ ಅಂದೆ, ಇಬ್ಬರೂ ಐದಡಿ ಐದು, ಇಬ್ಬರೂ ಇದೇ ಊರಿನವರು ಅಂದೆ. ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಮೊದಲ ರಣಜಿ ಪಂದ್ಯದಲ್ಲೇ 230 ಹೊಡೆದರು, 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟಿನಲ್ಲೇ 137 ಹೊಡೆದರು, ಅವರೇನು ಏಣಿ ಹತ್ತಿ ಆಡಿದ್ದರಾ ಅಂದೆ.

"ಅದು ಕ್ರಿಕೆಟ್ಟು. ಮೈಗೆ ಮೈ ತಾಗೋ ಆಟ ಅಲ್ಲ" ಅಂದರು ಅಧ್ಯಕ್ಷರು.

ಇದಕ್ಕೇ ಕಾದಿದ್ದೆ. ಟೋರಿ ಕ್ರುಗ್ ಕಥೆ ಹೇಳಿದೆ. ಐದಡಿ ಒಂಬತ್ತು. ಡ್ರಾಫ್ಟಿನಲ್ಲಿ ಯಾವ ತಂಡವೂ ಅವನನ್ನು ಕರೆಯಲೇ ಇಲ್ಲ. ಬಾಸ್ಟನ್ ತಂಡಕ್ಕೆ ಹಿಂಬಾಗಿಲಿನಿಂದ ಸೇರಿದ. ಅಲ್ಲಿ ನಾಯಕ ಜ್ಡೇನೋ ಚಾರಾ, ಆರಡಿ ಒಂಬತ್ತು, ಲೀಗಿನ ಇತಿಹಾಸದಲ್ಲೇ ಅತಿ ಎತ್ತರದವನು. ಅವನಿಗಾಗಿ ಸ್ಟಿಕ್ಕಿನ ಉದ್ದಕ್ಕೂ ರಿಯಾಯಿತಿ ಇತ್ತು. ಇಬ್ಬರ ನಡುವೆ ಸರಿಯಾಗಿ ಒಂದಡಿ ಅಂತರ, ಒಂದೇ ಜೆರ್ಸಿ, ಒಂದೇ ಕೆಲಸ. 2019ರ ಸ್ಟ್ಯಾನ್ಲಿ ಕಪ್ ಫೈನಲ್ಲಿನ ಮೊದಲ ಪಂದ್ಯದಲ್ಲಿ ಯಾರೋ ಕ್ರುಗ್‌ನ ಹೆಲ್ಮೆಟ್ ಕಿತ್ತರು. ಅವನು ಕೆದರಿದ ತಲೆಯಲ್ಲೇ ಮೈದಾನದ ಉದ್ದಕ್ಕೂ ಓಡಿಬಂದು, ಆರಡಿಯ ರಾಬರ್ಟ್ ಥಾಮಸ್‌ನಿಗೆ ಗುದ್ದಿದ ಗುದ್ದಿಗೆ ಥಾಮಸ್ ಮಂಜಿನ ಮೇಲೆ ಅಂಗಾತ. ಆ ಸಲ ಕಪ್ ಗೆದ್ದದ್ದು ಗುದ್ದಿಸಿಕೊಂಡ ಸೇಂಟ್ ಲೂಯಿಸ್ ತಂಡವೇ, ಸುಳ್ಳು ಹೇಳಬಾರದು. ಆದರೆ ಮರುವರ್ಷ ಅದೇ ತಂಡ ಏಳು ವರ್ಷದ ಒಪ್ಪಂದ ಕೊಟ್ಟು ಕ್ರುಗ್‌ನನ್ನು ತನ್ನ ಕಡೆಗೇ ಕರೆದುಕೊಂಡಿತು.

ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಅಧ್ಯಕ್ಷರು ಕೇಳಿದರು: "ಅವನಿಗೆ ಕಬಡ್ಡಿ ಬರುತ್ತಾ?"

ಸಿಟ್ಟಿನಲ್ಲಿ ಹಟ್ಸನ್‌ನ ಚೀಟಿಯ ವಿಷಯವನ್ನೂ ಹೇಳಿದೆ. ಅದೇ ತಪ್ಪಾಯಿತು. ಸಮಿತಿ ಅದನ್ನು ತುಂಬಾ ಗಂಭೀರವಾಗಿ ತೆಗೆದುಕೊಂಡಿತು. ಮಾಣಿಯ ಸೋದರಮಾವನನ್ನು ಕರೆದು, "ಹುಡುಗ ಇನ್ನೂ ಬೆಳೆಯುತ್ತಾನೆ ಅಂತ ಡಾಕ್ಟರ ಲೆಟರ್‌ಹೆಡ್ ತರ್ತೀರಾ?" ಅಂತ ಕೇಳಿದರು. 24 ವರ್ಷದವನು ಇನ್ನೆಲ್ಲಿ ಬೆಳೆಯುವುದು? ಮಾವ ಡಾಕ್ಟರ ಬದಲು ಜಾತಕ ತಂದರು. ಅದರಲ್ಲಿ 'ಮುಂದೆ ಉನ್ನತಿ ಇದೆ' ಅಂತ ಬರೆದಿತ್ತು. ಆ ಉನ್ನತಿ ಇಂಚಿನಲ್ಲೋ ಹಣದಲ್ಲೋ ಅಂತ ಅರ್ಧ ಗಂಟೆ ಚರ್ಚೆ ನಡೆದು, ಕೊನೆಗೆ 'ಸದರಿ ಆಟಗಾರನನ್ನು ಬೆಳೆದ ನಂತರ ಪರಿಗಣಿಸಬಹುದು' ಅಂತ ನಿರ್ಣಯವಾಯಿತು. ಹೋದ ನವೆಂಬರ್‌ನಲ್ಲಿ ಇದೇ ಅಧ್ಯಕ್ಷರು ರಾಜ್ಯೋತ್ಸವದ ವೇದಿಕೆಯ ಮೇಲೆ 'ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು' ಅಂತ ಚಪ್ಪಾಳೆ ತೆಗೆದುಕೊಂಡಿದ್ದರು. ಬಲಿ ಚಕ್ರವರ್ತಿಯ ಜಾಗದಲ್ಲಿ ನಮ್ಮ ಸಮಿತಿ ಇದ್ದಿದ್ದರೆ ವಾಮನನಿಗೆ ಪಾತಾಳದವರೆಗೆ ಹೋಗುವ ಕೆಲಸವೇ ಇರುತ್ತಿರಲಿಲ್ಲ. ಗೇಟಿನಲ್ಲೇ ಅಳೆದು ವಾಪಸ್ ಕಳಿಸುತ್ತಿದ್ದರು.

ಕುರ್ಲಾದಲ್ಲಿ ನಮ್ಮ ತಂಡ ಸಾಲಾಗಿ ನಿಂತಾಗ ನಿಜಕ್ಕೂ ಚೆನ್ನಾಗಿ ಕಂಡಿತು. ಫೋಟೋದಲ್ಲಿ ತಲೆಗಳೆಲ್ಲ ಒಂದೇ ಗೆರೆ. ಬ್ಯಾನರ್ ಹಿಡಿಯಲು ಬಂದವರಿಗೆ ಹಿಡಿಯಲು ಜಾಗವೇ ಇರಲಿಲ್ಲ. ಎದುರು ತಂಡದ ರೇಡರ್ ನನ್ನಷ್ಟೇ ಇದ್ದ. ನಮ್ಮ ಹುಡುಗರು ಕೈಕೈ ಹಿಡಿದು ಸರಪಳಿ ಕಟ್ಟಿ ಮುಂದೆ ಬಂದರು. ಅವನು ಒಂದು ಕ್ಷಣ ನೋಡಿದ, ಬಗ್ಗಿದ, ಸರಪಳಿಯ ಕೆಳಗಿನಿಂದ ಡುಬ್ಕಿ ಹೊಡೆದು ಮಧ್ಯದ ಗೆರೆ ಮುಟ್ಟಿದ. ಫ್ಲೈಓವರ್ ಕೆಳಗೆ ರಿಕ್ಷಾ ಹೋದ ಹಾಗೆ. ಮೊದಲ ಸಲ ಆಶ್ಚರ್ಯ. ಎರಡನೇ ಸಲ ಬೇಜಾರು. ಏಳನೇ ಸಲಕ್ಕೆ ನಮ್ಮ ಕಡೆಯ ಹೆಂಗಸರೂ ಅವನಿಗೇ ಚಪ್ಪಾಳೆ ತಟ್ಟುತ್ತಿದ್ದರು. ಮಾಣಿ ಗೆರೆಯ ಆಚೆ ನಿಂಬೆ ಶರಬತ್ತು ಹಂಚುತ್ತಿದ್ದ. ಒಂದು ಹನಿ ಚೆಲ್ಲಲಿಲ್ಲ.

ಸೋತ ಮೇಲೆ ಸಮಿತಿ ಸೇರಿತು. ಎತ್ತರ ಸಾಕಾಗಲಿಲ್ಲ ಅಂತ ತೀರ್ಮಾನಿಸಿತು. ಮುಂದಿನ ವರ್ಷ ಐದಡಿ ಹತ್ತು. ಇನ್ನು ದರ್ಜಿಯ ಬಟ್ಟೆ ಟೇಪು ಸಂಘದ ಘನತೆಗೆ ತಕ್ಕದ್ದಲ್ಲ ಅಂತ ಲೋಹಾರ್ ಚಾಳ್‌ನಿಂದ ಹೊಸ ಸ್ಟೀಲ್ ಟೇಪು ಖರೀದಿಸಿದರು. ಒತ್ತಿದರೆ ಸರ್ರಂತ ಒಳಗೆ ಹೋಗುವಂಥದ್ದು. ಉದ್ಘಾಟನೆಗೆ ತಂಡದ ಏಳೂ ಹುಡುಗರನ್ನು ನಿಲ್ಲಿಸಿ ಮತ್ತೆ ಅಳೆದರು.

ಏಳೂ ಜನ ತಲಾ ಒಂದು ಇಂಚು ಕುಗ್ಗಿದ್ದರು. ಅಧ್ಯಕ್ಷರು ಐದಡಿ ಏಳಕ್ಕೆ ಇಳಿದಿದ್ದರು.

ಖಜಾಂಚಿ ಎರಡು ಸಲ ಕುರ್ಚಿ ಹತ್ತಿ ಇಳಿದರು. ಸೋಲಿನ ಆಘಾತ ಇರಬಹುದು ಅಂದರು ಒಬ್ಬರು. ಲೋಕಲ್‌ನಲ್ಲಿ ನಿಂತು ನಿಂತು ಬೆನ್ನೆಲುಬು ಇಳಿಯುತ್ತದೆ ಅಂದರು ಇನ್ನೊಬ್ಬರು. ಹೋಟೆಲ್ ಊಟದಲ್ಲಿ ಸೋಡಾ ಜಾಸ್ತಿ ಅಂದರು ಮಹಿಳಾ ವಿಭಾಗದವರು. ಮುಂಬೈ ಕನ್ನಡಿಗರ ಎತ್ತರ ಕುಸಿತದ ಕಾರಣ ಪತ್ತೆ ಮಾಡಲು ಮೂರು ಜನರ ಉಪಸಮಿತಿ ಆಯಿತು. ಈ ವಿಷಯದಲ್ಲಿ ಜಾಸ್ತಿ ಓದಿಕೊಂಡಿದ್ದೇನೆ ಅಂತ ನನ್ನನ್ನೇ ಸಂಚಾಲಕ ಮಾಡಿದ್ದಾರೆ.

ಮೊದಲ ಸಭೆ ಬರುವ ಭಾನುವಾರ. ಹಳೇ ಟೇಪನ್ನು ಎಸೆಯಬೇಡಪ್ಪ ಅಂತ ದರ್ಜಿಗೆ ಹೇಳಿ ಬಂದಿದ್ದೇನೆ. ಸಂಘದ ರಿಜಿಸ್ಟರಿನಲ್ಲಿ ನಾನು ಇನ್ನೂ ಐದಡಿ ನಾಲ್ಕೇ ಇದ್ದೇನೆ.